ಚೊಂಬು ಕೆಳಗಿಟ್ಟ ಪಿಳ್ಳಮ್ಮ

ಇವತ್ತು ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನಲ್ಲಿಯಲ್ಲಿ ನೀರು ಬರುವ ಮುಂಚೆ ತೊಟ್ಟಿ ತಿಕ್ಕಿ ತೊಳೆದೆ, ಬಂದ ಮೇಲೆ ತುಂಬಿಸಿದೆ. ದಂಟಿನ ಸೊಪ್ಪು ಬಿಡಿಸಿದೆ, ಅಕ್ಕಿಯಲ್ಲಿನ ಕಲ್ಲು ಆರಿಸಿದೆ, ಮಗಳ ಸ್ಕೂಲಿನ ಅಂಗಿಗೆ ಕಿತ್ತುಹೋಗಿದ್ದ ಗುಂಡಿ ಹೊಲಿದೆ. ಹನ್ನೊಂದರ ಹೊತ್ತಿಗೆ ಡಬ್ಬಿಯಲ್ಲಿ ಮೆಣಸಿನ ಸಾರು ತೆಗೆದುಕೊಂಡು ಎದುರು ಮನೆಯ ಬಾಣಂತಿಯನ್ನು ನೋಡಿ ಬಂದೆ. ಅಲ್ಲಿ ನಾಲ್ಕೈದು ಹೆಂಗಸರು ತೊಟ್ಟಿಲಿನ ಸುತ್ತ ನಿಂತು ಮೂಗು ಯಾರದು, ಕಿವಿ ಯಾರದು ಎಂದು ಪಂಚಾಯ್ತಿ ಮಾಡುತ್ತಿದ್ದರು. ನಾನು ಅವರನ್ನು ದಾಟಿ ಹೋಗಿ ಮಂಚದ ತುದಿಯಲ್ಲಿ ಕೂತು ಆ ಹುಡುಗಿಯ ಮುಖ ನೋಡಿದೆ.

ಮೊದಲು ತಾಯಿಯ ಮುಖ, ಆಮೇಲೆ ಕೂಸು. ಇದನ್ನು ನನಗೆ ಕಲಿಸಿದವಳು ಜಕ್ಕೂರಿನ ಪಿಳ್ಳಮ್ಮ.

ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದು ಪಿಳ್ಳಮ್ಮನ ಕೆಲಸ. ಬೆಳಗಿನ ಮೊದಲ ಬಸ್ಸಿನಲ್ಲಿ ಹೂವಿನ ಬುಟ್ಟಿಗಳ ಮಧ್ಯೆ ಕೂತು ಹೆಬ್ಬಾಳಕ್ಕೆ ಬಂದಿಳಿಯುತ್ತಿದ್ದಳು. ಕಪ್ಪು, ಎತ್ತರದ ಆಳು. ಎರಡು ಕೈಗಳೂ ಮೊಣಕೈತನಕ ಬಿಸಿನೀರಿಗೆ ಬೆಂದು ಬೇರೆಯೇ ಬಣ್ಣಕ್ಕೆ ತಿರುಗಿದ್ದವು, ದೂರದಿಂದ ನೋಡಿದರೆ ತುಂಬುತೋಳಿನ ರವಿಕೆ ತೊಟ್ಟಂತೆ ಕಾಣುತ್ತಿತ್ತು. ಮಣೆಯ ಮೇಲೆ ಕೂತು ಕಾಲು ಚಾಚಿದಳೆಂದರೆ ಎಂಥ ರಚ್ಚೆ ಹಿಡಿದ ಕೂಸೂ ಆ ಕಾಲುಗಳ ನಡುವೆ ತೆಪ್ಪಗೆ ಮಲಗುತ್ತಿತ್ತು. ಅದರ ಮೈಗೆ ಹರಳೆಣ್ಣೆ ತಿಕ್ಕುತ್ತಾ ಬಡಾವಣೆಯ ಸುದ್ದಿಯನ್ನೆಲ್ಲ ಕೂಸಿಗೇ ಹೇಳುವುದು ಅವಳ ರೂಢಿ. "ಕೇಳಿದ್ಯಾ ನನ್ನಪ್ಪ, ಆ ಮೂಲೆಮನೆಯೋರು ಅಮಾಸೆ ದಿನ ಎಮ್ಮೆ ತಂದವ್ರೆ, ಒದ್ದು ಓಡ್ಸೈತೆ." ಕೇಳಿಸಿಕೊಳ್ಳಬೇಕಾದವರು ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮವರಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಗದಗಿನಿಂದ ಬಂದು ಹೆಬ್ಬಾಳದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆವು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಆದರೆ ನನಗೆ ತಾಯಿ ಇರಲಿಲ್ಲ. ಹಾಗಾಗಿ ಅತ್ತೆಯೇ ಊರಿನಿಂದ ಬಂದರು. ಕೆಟ್ಟವರಲ್ಲ. ಅಳವಿಯ ಪಾಯಸ, ಅಂಟಿನುಂಡೆ, ಕಿವಿಗೆ ಹತ್ತಿ, ತಲೆಗೆ ವಸ್ತ್ರ, ಕಿಟಕಿಗೆ ಪರದೆ, ಯಾವುದನ್ನೂ ಬಿಡದೆ ಮಾಡಿದರು. ನಾನು ಕೊಟ್ಟದ್ದನ್ನು ತಿಂದೆ, ಮಲಗು ಎಂದಾಗ ಮಲಗಿದೆ, ಕುಡಿಸು ಎಂದಾಗ ಕುಡಿಸಿದೆ. ಬಂದವರ ಮುಂದೆಲ್ಲ ಅತ್ತೆ ಹೊಗಳುತ್ತಿದ್ದರು. "ನಮ್ಮ ಸೊಸಿ ಭಾಳ ಶಾಣ್ಯಾಕಿ ನೋಡ್ರಿ. ಇದು ಬೇಕು, ಅದು ಬ್ಯಾಡ ಅಂತ ಒಂದು ಮಾತು ಬಾಯಾಗಿಂದ ಬರಂಗಿಲ್ಲ."

ನನ್ನೊಳಗೆ ಆಗುತ್ತಿದ್ದುದನ್ನು ಹೇಳಲು ನನಗೆ ಮಾತು ಸಿಗುತ್ತಿರಲಿಲ್ಲ. ಮಗು ಅತ್ತರೆ ಪಕ್ಕದ ಬೀದಿಯಲ್ಲಿ ಯಾರದೋ ಮಗು ಅತ್ತ ಹಾಗೆ ಕೇಳುತ್ತಿತ್ತು. ಅದು ಮಲಗಿದಾಗಲೂ ನಾನು ಕಣ್ಣು ತೆರೆದುಕೊಂಡೇ ಇರುತ್ತಿದ್ದೆ. ಅನ್ನದಲ್ಲಿ ರುಚಿಯಿಲ್ಲ. ಎಲ್ಲ ಹೆಂಗಸರಿಗೂ ತಾನಾಗಿ ಬರುವ ಮಮತೆ ನನಗೆ ಮಾತ್ರ ಬರಲಿಲ್ಲ, ನಾನೊಬ್ಬಳು ಪಾಪಿ ಅಂದುಕೊಂಡಿದ್ದೆ.

ಪಿಳ್ಳಮ್ಮ ಮೂರನೆಯ ವಾರದಲ್ಲಿ ಬಾಯಿ ಬಿಡಿಸಿದಳು. ಹಂಡೆಯ ಒಲೆಗೆ ಹಸಿ ಸೌದೆ ಹಾಕಿ ಬಚ್ಚಲು ತುಂಬ ಹೊಗೆ ಎಬ್ಬಿಸಿ, ಬಾಗಿಲು ಮುಂದೆ ಮಾಡಿದಳು. "ಅಳವ್ವ. ಇಲ್ಲಿ ಯಾರೂ ಇಲ್ಲ. ಕಣ್ಯಾಕೆ ಕೆಂಪಗಾತು ಅಂತ ಕೇಳುದ್ರೆ ಒಗೆ ಅನ್ನು" ಎಂದಳು. ಎಷ್ಟೋ ಮನೆಯ ಬಾಣಂತಿಯರು ಆ ಹೊಗೆಯಲ್ಲಿ ಕೂತು ಅತ್ತಿದ್ದಾರಂತೆ. ನನಗೆ ಅಳುವೂ ಬರಲಿಲ್ಲ. ಬೆನ್ನು ತಿರುಗಿಸಿ ಕೂತವಳು ಗೋಡೆಗೆ ಹೇಳುವ ಹಾಗೆ ಹೇಳಿದೆ. ಈ ಮಗುವಿಗೆ ನಾನು ಇಲ್ಲದಿದ್ದರೇ ಒಳ್ಳೆಯದು ಅನ್ನಿಸುತ್ತದೆ ಎಂದೆ.

ಬೆನ್ನ ಮೇಲೆ ಬೀಳುತ್ತಿದ್ದ ನೀರು ನಿಂತಿತು.

"ಸಾಯ್ಬೇಕು ಅನ್ನುಸ್ತದಾ?" ಎಂದು ಕೇಳಿದಳು, ಉಪ್ಪು ಬೇಕಾ ಎಂದು ಕೇಳಿದಷ್ಟು ಸರಳವಾಗಿ. ಹೂಂ ಅಂದೆ. ಥೂ ಬಿಡ್ತು ಅನ್ನಲಿಲ್ಲ, ದೇವರ ಹೆಸರು ಎತ್ತಲಿಲ್ಲ, ಬಂಗಾರದಂಥ ಕೂಸು ಇಟ್ಟುಕೊಂಡು ಹೀಗಂತೀಯಲ್ಲ ಎಂದು ಬೈಯಲಿಲ್ಲ. ನೀರು ಆರುವ ಮುಂಚೆ ನನ್ನ ತಲೆ ಒರೆಸಿ, ಸೀರೆ ಸುತ್ತಿ, ತನ್ನ ತಂಗಿಯ ಕಥೆ ಹೇಳಿದಳು. ತಂಗಿಗೂ ಇದೇ ಆಗಿತ್ತಂತೆ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರಂತೆ. ಎರಡು ತಿಂಗಳ ಮಗುವನ್ನು ಬಿಟ್ಟು ತಂಗಿ ಜೀವ ಕಳೆದುಕೊಂಡಳಂತೆ. "ನಾನೇ ಅವ್ಳಿಗೆ ನೀರು ಉಯ್ತಿದ್ದೆ ಕಣವ್ವ. ಗೊತ್ತಾಗ್ತಿತ್ತು. ದೊಡ್ಡೋರು ಅವ್ರೆ, ನಂಗ್ಯಾಕೆ ಅಂತ ಬಾಯಿ ಮುಚ್ಕೊಂಡು ಉಯ್ದೆ. ಇನ್ನೊಂದ್ ಸಲ ಅಂಗೆ ಉಯ್ಯಲ್ಲ."

ಆಮೇಲೆ ನಡೆದದ್ದನ್ನು ನಾನು ಕೋಣೆಯೊಳಗಿಂದ ಕೇಳಿಸಿಕೊಂಡೆ. ಪಿಳ್ಳಮ್ಮ ಹೊಸಲಿನ ಮುಂದೆ ತಾಮ್ರದ ಚೊಂಬನ್ನು ಬೋರಲು ಹಾಕಿಟ್ಟು, ನನ್ನನ್ನು ಡಾಕ್ಟರಿಗೆ ತೋರಿಸುವ ತನಕ ಈ ಮನೆಯಲ್ಲಿ ನೀರು ಹಾಕುವುದಿಲ್ಲ ಎಂದಳು. ಸುಮ್ಮನೆ ಹೇಳುವ ಮಾತಲ್ಲ ಅದು. ಜಕ್ಕೂರು, ಹೆಬ್ಬಾಳದ ಕಡೆ ನೀರು ಹಾಕುವವರು ಮೂವರೋ ನಾಲ್ವರೋ ಇದ್ದರು. ಒಬ್ಬಳು ಚೊಂಬು ಬೋರಲು ಹಾಕಿದ ಮನೆಗೆ ಇನ್ನೊಬ್ಬಳು ಕಾಲಿಡುವುದಿಲ್ಲ ಎಂಬುದು ಅವರವರಲ್ಲೇ ಇದ್ದ ಕಟ್ಟು. ಬಾಣಂತಿಗೆ ನೀರು ನಿಂತಿತು ಎಂದರೆ ಬೀದಿಗೆಲ್ಲ ಗೊತ್ತಾಗುತ್ತದೆ.

ಅತ್ತೆ ಮೊದಲು ನಕ್ಕರು, ಆಮೇಲೆ ರೇಗಿದರು. ಇಷ್ಟು ಶಾಂತವಾಗಿರುವವಳಿಗೆ ಏನು ರೋಗ ಎಂದರು. ಎಂಥ ಡಾಕ್ಟರು ಎಂದು ತಿಳಿದ ಮೇಲೆ ಅವರ ದನಿ ಇಳಿಯಿತು. "ಹುಚ್ಚರ ದವಾಖಾನಿಗೆ ಹೋದ್ರ ನಾಳೆ ಮಂದಿ ಏನಂತಾರ ಪಿಳ್ಳಮ್ಮಾ? ನಂಗ ಊರಾಗ ತಲಿ ಎತ್ತಾಕ ಆಗ್ತದೇನು?"

"ನಿಮ್ ತಲೆ ಕಥೆ ಆಮ್ಯಾಕೆ ನೋಡಾಣ ಅಮ್ಮಾವ್ರೇ. ಈ ಉಡ್ಗಿ ಉಳೀಲಿ ಮೊದ್ಲು."

ಅಷ್ಟರಲ್ಲಿ ನಮ್ಮವರು ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯ ಬಸ್ಸಿನಿಂದ ಇಳಿದು ಬಂದರು. ಪಿಳ್ಳಮ್ಮ ಅವರನ್ನೂ ಬಿಡಲಿಲ್ಲ. "ಸ್ವಾಮೀ, ನಿಮ್ ಪ್ಯಾಕ್ಟ್ರಿ ಮಿಸನ್ನು ಒಂಚೂರು ಸದ್ದು ಬದ್ಲಾದ್ರೆ ನಿಮ್ಗೆ ಗೊತ್ತಾಗ್ತದಂತೆ. ಮನ್ಯಾಗೆ ಎಂಡ್ತಿ ಸದ್ದೇ ನಿಂತೋಗೈತೆ, ಗೊತ್ತಾಗ್ಲಿಲ್ವಾ?"

ಅವರು ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು ನನ್ನ ಮುಂದೆ ಕೂತರು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು, "ಅವ್ವಾ, ನಾಳೆ ನಾನು ಕೆಲಸಕ್ಕ ಹೋಗಂಗಿಲ್ಲ" ಎಂದರು.

ಪಿಳ್ಳಮ್ಮ ಅವತ್ತು ಮಧ್ಯಾಹ್ನ ಮನೆಗೆ ಹೋಗಲಿಲ್ಲ, ರಾತ್ರಿಯೂ ನನ್ನ ಮಗ್ಗುಲು ಬಿಡಲಿಲ್ಲ. ಮರುದಿನ ಎರಡು ಬಸ್ಸು ಬದಲಾಯಿಸಿ ಊರಿನ ಆಚೆ ತುದಿಯ ಆಸ್ಪತ್ರೆಗೆ ಹೋದೆವು. ಕೂಸನ್ನು ಪಿಳ್ಳಮ್ಮ ಎತ್ತಿಕೊಂಡಿದ್ದಳು. ಡಾಕ್ಟರಮ್ಮ ನನ್ನ ವಯಸ್ಸಿನವರೇ. ಎಲ್ಲ ಕೇಳಿ, ಇದಕ್ಕೆ ಹೆಸರಿದೆ, ಔಷಧಿಯೂ ಇದೆ, ಹೆತ್ತ ಮೇಲೆ ಎಷ್ಟೋ ಹೆಂಗಸರಿಗೆ ಬರುತ್ತದೆ, ನಿಮ್ಮ ತಪ್ಪಲ್ಲ ಎಂದರು. ಅವತ್ತು ಹೊಗೆಯಿಲ್ಲದೆಯೇ ನಾನು ಅತ್ತುಬಿಟ್ಟೆ. ಹೊರಗೆ ಬಂದ ಮೇಲೆ ಪಿಳ್ಳಮ್ಮ, ತಾನೂ ಇದನ್ನೇ ಹೇಳಬೇಕೆಂದಿದ್ದೆ, ಆದರೆ ಕನ್ನಡಕ ಹಾಕಿಕೊಂಡವರು ಹೇಳಿದರೆ ನಿಮ್ಮ ಅತ್ತೆ ನಂಬುತ್ತಾರೆ ಎಂದಳು.

ಮಾತ್ರೆ ತೆಗೆದುಕೊಂಡ ಮಾರನೆಯ ದಿನವೇ ಬೆಳಕು ಹರಿಯಲಿಲ್ಲ. ವಾರಗಳು ಹಿಡಿದವು. ಕೆಲವು ದಿನ ಮುಂದಕ್ಕೆ, ಕೆಲವು ದಿನ ಹಿಂದಕ್ಕೆ. ಅತ್ತೆ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿ, ಗಂಟೆ ನೋಡಿ ಮಾತ್ರೆಯನ್ನು ತಾವೇ ಕೈಗೆ ಕೊಡುತ್ತಿದ್ದರು. ಯಾರಾದರೂ ಕೇಳಿದರೆ ರಕ್ತ ಕಡಿಮೆ ಎನ್ನುತ್ತಿದ್ದರು. ಅವರ ಕೈಲಾದದ್ದು ಅಷ್ಟು. ಪಿಳ್ಳಮ್ಮ ಮೂರು ತಿಂಗಳಿಗೆ ಮುಗಿಯಬೇಕಾದ ನೀರನ್ನು ಐದು ತಿಂಗಳು ಹಾಕಿದಳು. ಕಿಟಕಿಯ ಪರದೆ ತೆಗೆಸಿದಳು. ಜಕ್ಕೂರಿನ ಸಣ್ಣ ವಿಮಾನಗಳು ಕೆರೆಯ ಮೇಲೆ ಸುತ್ತು ಹಾಕುವುದು ಮಂಚದಿಂದಲೇ ಕಾಣುತ್ತಿತ್ತು. ಬಂದವಳೇ ದಿನಾ ಒಂದು ಪ್ರಶ್ನೆ ಕೇಳುತ್ತಿದ್ದಳು, ನೆನ್ನೆ ನಿನ್ನ ಕೈ ಏನೇನು ಮಾಡಿತು ಎಂದು. ಒಂದು ಲಂಗೋಟಿ ಮಡಿಸಿದೆ ಎನ್ನುತ್ತಿದ್ದೆ. "ಸಾಕು ಬಿಡು, ಇವತ್ತು ಎರ್ಡು ಮಡ್ಸು" ಎನ್ನುತ್ತಿದ್ದಳು. ಮನಸ್ಸು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಅದನ್ನು ನನ್ನ ಮುಖದಲ್ಲಿ ಓದಿಕೊಳ್ಳುತ್ತಿದ್ದಳು.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿದ್ದೆ. ಪಿಳ್ಳಮ್ಮನ ಕಾಲ ಮೇಲೆ ಮಲಗಿದ್ದ ಕೂಸು ಸೀನಿತು. "ನೀರು ಆರಿದೆ ಪಿಳ್ಳಮ್ಮಾ, ಮಗೂಗೆ ಚಳಿ ಆಗ್ತಿದೆ, ಬೇಗ ಕೊಡಿ" ಎಂದು ಗದರಿದೆ. ಗದರಿದ್ದು ನಾನೇ ಎಂದು ಗೊತ್ತಾಗಲು ನನಗೇ ಒಂದು ಗಳಿಗೆ ಬೇಕಾಯಿತು.

ಪಿಳ್ಳಮ್ಮ ಕೂಸಿನ ಕಡೆ ಬಗ್ಗಿ, "ಕೇಳಿದ್ಯಾ ನನ್ನವ್ವ, ಮೂವತ್ತು ವರ್ಸದಿಂದ ನೀರು ಉಯ್ತಿವ್ನಿ, ನಿಮ್ಮಮ್ಮ ನಂಗೆ ಏಳ್ಕೊಡಕ್ಕೆ ಬಂದವ್ಳೆ" ಎಂದಳು. ಮುಖ ಎತ್ತಲೇ ಇಲ್ಲ. ಅವಳ ಕಣ್ಣೂ ಕೆಂಪಗಾಗಿತ್ತು. ಒಲೆಯಲ್ಲಿ ಒಣ ಸೌದೆ ಉರಿಯುತ್ತಿತ್ತು.

ಆಮೇಲೆ ನಾವು ಆರ್.ಟಿ. ನಗರಕ್ಕೆ ಮನೆ ಬದಲಾಯಿಸಿದೆವು. ಹಬ್ಬಕ್ಕೊಮ್ಮೆ ಬರುತ್ತಿದ್ದ ಪಿಳ್ಳಮ್ಮ, ಮಂಡಿ ಹಿಡಿದುಕೊಂಡ ಮೇಲೆ ಬರುವುದನ್ನು ನಿಲ್ಲಿಸಿದಳು. ಮಗಳಿಗೆ ಏಳು ತುಂಬಿದ ವರ್ಷ ಅವಳಿಗೆ ಜ್ವರ ಬಂದು, ಬಿಟ್ಟ ಮೇಲೂ ಏಳಲಾಗುತ್ತಿಲ್ಲ, ಮಗ ಸೊಸೆ ಇಬ್ಬರೂ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾರೆ ಎಂದು ಸುದ್ದಿ ಬಂತು. ಒಂದು ದಿನವಾದರೂ ನೋಡಿಕೊಳ್ಳೋಣವೆಂದು ಮಗಳನ್ನು ಕರೆದುಕೊಂಡು ಜಕ್ಕೂರಿಗೆ ಹೋದೆ. ಅದೇ ಕಡೆಯ ಸಲ. ಇನ್ನೆರಡು ತಿಂಗಳಿಗೆ ಪಿಳ್ಳಮ್ಮ ಹೋಗಿಬಿಟ್ಟಳು. ನಮಗೆ ತಿಳಿಯುವ ಹೊತ್ತಿಗೆ ಹನ್ನೊಂದನೆಯ ದಿನವೂ ಕಳೆದಿತ್ತು.

ಜಕ್ಕೂರಿಗೆ ಹೋದ ಆ ದಿನ ಅವಳ ತಲೆಗೆ ನಾನು ಎಣ್ಣೆ ಹಚ್ಚಿ, ನೀರು ಕಾಯಿಸಿ ಹಾಕಿದೆ. ನೀರು ಸಾಲದು, ಕೈಯಲ್ಲಿ ಬಲವಿಲ್ಲ ಎಂದು ತಪ್ಪು ಹುಡುಕುತ್ತಲೇ ಹಾಕಿಸಿಕೊಂಡಳು. ಮಧ್ಯಾಹ್ನ ರಾಗಿ ಮುದ್ದೆ, ಅವರೆಕಾಳಿನ ಸಾರು ಮಾಡಿದೆ. ಪಿಳ್ಳಮ್ಮ ಅರ್ಧ ಮುದ್ದೆ ತಿಂದಳು, ಮಗಳು ಬೆಲ್ಲ ನೆಂಚಿಕೊಂಡು ಒಂದು ತುತ್ತು, ಉಳಿದದ್ದು ನನಗೆ. ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಮೂವರೂ ಅಡ್ಡಾದೆವು. ಮಗಳು ಪಿಳ್ಳಮ್ಮನ ಕೈಯ ಆ ಎರಡು ಬಣ್ಣ ಯಾಕೆ ಎಂದು ಕೇಳುತ್ತಿದ್ದಳು, ಪಿಳ್ಳಮ್ಮ ಮೆಲ್ಲಗೆ ಏನೋ ಹೇಳುತ್ತಿದ್ದಳು. ನಾನು ಹೋದದ್ದು ಅವಳನ್ನು ನೋಡಿಕೊಳ್ಳಲು. ಮೊದಲು ನಿದ್ದೆ ಹೋದವಳೂ ನಾನೇ.