ಗಂಗಪ್ಪನ ಕಡೆಯ ಪಾಳಿ

ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಇವತ್ತು ಬೆಳಿಗ್ಗೆ ಸಿಟ್ಟಿನಿಂದ ಎಸೆದೆ. ಅದು ಗೋಡೆಗೆ ಬಡಿದು, ಕಪಾಟಿಗೆ ತಾಗಿ, ಮಂಚದ ಕಾಲು ಮುಟ್ಟಿ, ಉರುಳುತ್ತ ಬಂದು ನನ್ನ ಪಾದದ ಹತ್ತಿರವೇ ನಿಂತಿತು. ಲಕ್ವ ಹೊಡೆದ ಮೇಲೆ ನನ್ನ ಎಡಗೈ ಮುಷ್ಟಿ ಕಟ್ಟುವುದನ್ನೇ ಮರೆತಿದೆ. ದಿನಾ ಈ ಚೆಂಡನ್ನು ಹಿಚುಕಬೇಕಂತೆ. “ಚೆಂಡೇನ್ ಮಾಡೇತ್ರಿ ನಿಮಗ?” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. ಮೂರು ಕಡೆ ಬಡಿದು ಬಂದ ಚೆಂಡನ್ನು ನೋಡಿ ನನಗೆ ಗಂಗಪ್ಪ ನೆನಪಾಗಿದ್ದ.

ಗಂಗಪ್ಪ ಝುವಾರಿನಗರದಲ್ಲಿ ನಮ್ಮ ನೆರೆಯವನು. ನನ್ನ ಹಾಗೆಯೇ ವಿಜಾಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಗೋವೆಗೆ ಬಂದವನು. ಬಂದರಿನಲ್ಲಿ ಪೆಟ್ಟಿಗೆಯೊಂದು ಬಿದ್ದು ಅವನ ಎಡಗೈಯ ಬೆರಳುಗಳು ಜಜ್ಜಿಹೋದವು. ಗಾಯ ಮಾಯಿತು, ಬೆರಳು ಬಗ್ಗಲಿಲ್ಲ. “ಈ ಕೈ ಇನ್ನ ಕೆಲಸಕ್ಕ ಬರೂದಿಲ್ಲ” ಎಂದು ಮೇಸ್ತ್ರಿ ಕೈಬಿಟ್ಟ. ಕೊನೆಗೆ ಮ್ಹಾಪಸಾದ ಹಳೆಯ ಕ್ಲಬ್ಬೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿತು. ರಜೆಯ ದಿನ ನಾನೂ ಅವನ ಜೊತೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ.

ಆ ಕ್ಲಬ್ಬಿನಲ್ಲಿ ಪೋರ್ತುಗೀಸರ ಕಾಲದ ಬಿಲಿಯರ್ಡ್ಸ್ ಮೇಜಿತ್ತು. ಅದಕ್ಕೆ ಚೆಂಡು ಬೀಳುವ ಗುಂಡಿಗಳೇ ಇರಲಿಲ್ಲ! ಬಡಿಗ ಮರೆತಿರಬೇಕು ಎಂದುಕೊಂಡ ಜಾಣ ನಾನು. ಕ್ಯಾರಂ ಬಿಲಿಯರ್ಡ್ಸ್ ಎಂದರೆ ಹಾಗೆಯೇ ಎಂದು ಆಮೇಲೆ ತಿಳಿಯಿತು. ಇರುವುದು ಮೂರೇ ಚೆಂಡು. ಕೋಲಿನಿಂದ ಹೊಡೆದ ನಿಮ್ಮ ಚೆಂಡು ಉಳಿದೆರಡನ್ನೂ ಮುಟ್ಟಬೇಕು. ಕೊನೆಯದನ್ನು ಮುಟ್ಟುವ ಮೊದಲು ಮೇಜಿನ ಅಂಚಿಗೆ ಮೂರು ಸಲ ಬಡಿದಿರಬೇಕು. ಆಗ ಒಂದು ಅಂಕ. ಕೋಲು ಜಾರಲು ಎಡಗೈ ಬೆರಳುಗಳಿಂದ ಉಂಗುರ ಮಾಡಿಕೊಳ್ಳಬೇಕು, ನೋಡಿ. ಗಂಗಪ್ಪನಿಗೆ ಬೇಕಾದದ್ದು ಅಂಕವಲ್ಲ, ಆ ಉಂಗುರ. ಕ್ಲಬ್ಬಿನ ಹಿರಿಯರಾದ ಬಾಬ್ ಅವನ ಕೈ ನೋಡಿ ಮರುಗಿ ಒಂದು ಕೋಲು ಕೊಟ್ಟಿದ್ದರು. “ಬೆರಳು ಬಗ್ಗೂ ತನಕಾ ನಾ ಬಿಡೂದಿಲ್ಲ” ಎಂದು ಗಂಗಪ್ಪ ಹಟ ಹಿಡಿದು ವರ್ಷಗಟ್ಟಲೆ ಆಡಿದ. ಉಂಗುರ ಸೊಟ್ಟಗೇ ಬಂತು, ಆದರೆ ಬಂತು.

ತೊಂಬತ್ತರ ದಶಕದಲ್ಲಿ ಪಣಜಿಯ ಹೋಟೆಲೊಂದರಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಸ್ಥಳೀಯರಿಗಿದ್ದ ಒಂದೇ ಜಾಗವನ್ನು ಗಂಗಪ್ಪ ಆಡಿ ಗೆದ್ದುಕೊಂಡ. ಬಾಬ್ ಕೊಟ್ಟ ಕಪ್ಪು ಕೋಟು ಅವನ ಹೆಗಲಿಗೆ ಬಿಗಿಯಾಗಿತ್ತು. ಚೀಲ ಹೊತ್ತ ನನಗೆ ಮಾತ್ರ ನಾನೇ ಆಟಗಾರನೆಂಬ ಬಿಗುಮಾನ. ಎದುರಾಳಿ ಬೆಲ್ಜಿಯಂ ದೇಶದವನು. ಒಳಗೆ ಹೋಗುವ ಮುನ್ನ ಗಂಗಪ್ಪ ಹೇಳಿದ, “ಅಂವ ಗೆಲ್ತಾನ, ಗೊತ್ತೈತಿ. ಆದ್ರ ಈ ಕೈ ಕಡೀತನಕಾ ಆಡೂದು ನಾ ನೋಡ್ಬೇಕು.”

ಬೆಲ್ಜಿಯಂನವನು ಮೊದಲು ಆರಂಭಿಸಿದ. ಅಂಕದ ಮೇಲೆ ಅಂಕ. ನಮ್ಮವನು ಹೆಚ್ಚಿನ ಹೊತ್ತು ಕುರ್ಚಿಯಲ್ಲೇ ಕೂತಿದ್ದ. ಎದುರಾಳಿ ಗೆಲ್ಲಲು ಬೇಕಾದಷ್ಟು ಅಂಕ ಮುಟ್ಟಿದ್ದೇ ಚಪ್ಪಾಳೆ ಬಿತ್ತು, ಜನ ಎದ್ದರು. ಬಾಬ್ ಗಂಗಪ್ಪನ ಭುಜ ಮುಟ್ಟಿ, “ಪುರೋ ರೇ, ಸಾಕು, ನಡಿ” ಎಂದರು.

ಗಂಗಪ್ಪ ಕೋಲು ಬಿಡಲಿಲ್ಲ. “ಅಂವ ಮೊದಲ ಆಡ್ಯಾನ್ರಿ. ನನ್ನ ಪಾಳಿ ಇನ್ನೂ ಐತಿ.”

ಮೊದಲು ಆಡಿದವನು ಗುರಿ ಮುಟ್ಟಿದರೂ ಎರಡನೆಯವನಿಗೆ ಕಡೆಯ ಪಾಳಿಯೊಂದು ಸಿಗಬೇಕು, ನಿಯಮವೇ ಹಾಗಿತ್ತು. ತೀರ್ಪುಗಾರ ತಲೆಯಾಡಿಸಿ ಚೆಂಡುಗಳನ್ನು ಮತ್ತೆ ಜೋಡಿಸಿದ. ಗೆದ್ದವನು ಸುಮ್ಮನೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಅವನನ್ನು ನೋಡಿ ಎದ್ದವರೂ ಕೂತರು. ಗಂಗಪ್ಪ ಆ ಸೊಟ್ಟ ಉಂಗುರವನ್ನು ಮೇಜಿನ ಮೇಲಿಟ್ಟ. ಅವನ ಚೆಂಡು ಮೂರು ಅಂಚು ಸುತ್ತಿ ಬಂದು ಮೆಲ್ಲಗೆ ಟಕ್ ಎಂದಿತು. ಒಂದು ಅಂಕ. ಮುಂದಿನದು ಕೂದಲೆಳೆಯಲ್ಲಿ ತಪ್ಪಿತು. ಬೆಲ್ಜಿಯಂನವನು ಎದ್ದು ಬಂದು ಮೊದಲು ಹಿಡಿದದ್ದು ಆ ಎಡಗೈಯನ್ನು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಬರುವಾಗ ಬಸ್ಸಿನಲ್ಲಿ, ಬೇಸರವಾಯಿತೇನೋ ಎಂದು ಕೇಳಿದೆ. “ಭಾಳ ಆಗೇತಿ,” ಎಂದ. ಆಮೇಲೆ, “ನಾಳಿ ಮುಂಜಾನೆ ಕ್ಲಬ್ಬಿಗೆ ಬರ್ತೀಯೇನು? ಆ ಎರಡನೇದು ಯಾಕ ತಪ್ಪಿತು ನೋಡೂಣು.”

ಗಂಗಪ್ಪ ಈಗಿಲ್ಲ. ಬಗ್ಗಿ ರಬ್ಬರ್ ಚೆಂಡನ್ನು ಎತ್ತಿಕೊಂಡು ಎಡಗೈಯೊಳಗಿಟ್ಟೆ. ಬಹಳ ಹೊತ್ತಿನ ಮೇಲೆ ಕಿರುಬೆರಳು ಅದನ್ನು ತುಸು ಒತ್ತಿತು. ಹೆಂಡತಿ ಚಹಾ ತಂದು, “ಸಾಕ ಮಾಡ್ರಿ, ಆರತೈತಿ” ಎಂದಳು.

“ಆರಲಿ ತಡಿ,” ಎಂದೆ. “ನನ್ನ ಪಾಳಿ ಐತಿ.”