ಬಂಗಾರದ ಕೈಯೊಳಗೆ ನನ್ನ ಎಲುಬು

ಶಾಲೆಯ ಸಹೋದ್ಯೋಗಿಗಳ ಜೊತೆ ಗೋವಾಕ್ಕೆ ಹೋದಾಗ ಎಲ್ಲರೂ ಬೀಚಿನಲ್ಲಿ ಕೆಟ್ಟರೆ, ನಾನು ಒಂದು ಹಳೆಯ ಚರ್ಚಿನಲ್ಲಿ ಕೆಟ್ಟೆ.

ನಾನು ಕುಷ್ಟಗಿ ತಾಲೂಕಿನ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಮಾಸ್ತರ, ಮನೆ ಕೊಪ್ಪಳದಲ್ಲಿ. ಆ ಚರ್ಚಿನಲ್ಲಿ ಬೆಳ್ಳಿಯ ಕೈಯೊಂದು ಮೊಣಕೈಯಿಂದ ನೆಟ್ಟಗೆ ನಿಂತಿತ್ತು. ಅದರ ನಡುವೆ ಪುಟ್ಟ ಗಾಜಿನ ಕಿಟಕಿ, ಒಳಗೆ ಯಾರೋ ಸಂತರ ಎಲುಬಿನ ಚೂರು. ಕಥೋಲಿಕರು ಸಂತರ ಅವಶೇಷಗಳನ್ನು ಹೀಗೆ ಕಾಪಾಡಿ ಗೌರವಿಸುತ್ತಾರೆ ಎಂದು ಅಲ್ಲಿಯ ಕಾವಲಿನವರು ವಿವರಿಸಿದರು. ಉಳಿದವರು ಗೋಡಂಬಿ ಕೊಳ್ಳಲು ಹೋದರು. ನಾನು ಅರ್ಧ ಗಂಟೆ ಅಲ್ಲೇ ನಿಂತು, ಇನ್ನು ಮೇಲೆ ನಾನು ದೊಡ್ಡ ಕಲಾವಿದ ಎಂದು ತೀರ್ಮಾನಿಸಿದೆ.

ಊರಿಗೆ ಬಂದವನೇ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತಿದ್ದತೊಡಗಿದೆ. ಮುರಿದ ಸೀಮೆಸುಣ್ಣದ ಕಡ್ಡಿ, ತೇದುಹೋದ ಹವಾಯಿ ಚಪ್ಪಲಿ, ನನ್ನ ಕಿತ್ತ ಹಲ್ಲು, ಎಲ್ಲಕ್ಕೂ ಪರದೆಯ ಮೇಲೆ ಬಂಗಾರದ ಪೆಟ್ಟಿಗೆ, ಗಾಜಿನ ಬಾಗಿಲು, ಹರಳು. ಬಂಗಾರದ ಬಣ್ಣಕ್ಕಾಗಿ ಮನೆಯಲ್ಲಿದ್ದ ಕಿನ್ನಾಳದ ಗೊಂಬೆಯ ಕಿರೀಟದ ಫೋಟೋ ತೆಗೆದು ಅದನ್ನೇ ಎಲ್ಲೆಡೆ ಹಚ್ಚುತ್ತಿದ್ದೆ.

ಹೆಂಡತಿ ಹಿಂದೆ ಬಂದು ನಿಂತು ನೋಡುತ್ತಿದ್ದಳು. "ಹರಕ ಚಪ್ಪಲಿಗೆ ಇಷ್ಟು ಬಂಗಾರ ಹಾಕೀರಿ. ನನ್ನ ಬರೇ ಕೊರಳು ನಿಮಗ ಕಾಣವಲ್ದೇನು?"

"ಇದು ಕಲಾ. ನಿನಗ ತಿಳಿಯಂಗಿಲ್ಲ," ಎಂದೆ. ಅದು ನನಗೂ ಪೂರ್ತಿ ತಿಳಿದಿರಲಿಲ್ಲ.

ಒಂದು ಸಂಜೆ ಹಿಟ್ನಾಳದ ಹತ್ತಿರ ಸ್ಕೂಟರಿನ ಮೇಲೆ ಹೋಗುವಾಗ, ಮೋಡದಂಚಿನ ಬಂಗಾರದ ಬೆಳಕನ್ನು ನೋಡುತ್ತ ಎದುರಿಗಿದ್ದ ಎಮ್ಮೆಯನ್ನು ನೋಡಲಿಲ್ಲ. ಎಮ್ಮೆಗೆ ಏನೂ ಆಗಲಿಲ್ಲ. ನನ್ನ ಎಡಗೈ ಮುರಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಕಂಡ ಕೂಡಲೇ ನೋವು ಮರೆತು, "ಡಾಕ್ಟರ್, ಇದನ್ನ ಮೊಬೈಲಿಗೆ ಕಳಸ್ತೀರಿ?" ಎಂದು ಕೇಳಿದೆ. ಹೆಂಡತಿ ಡಾಕ್ಟರಿಗೆ, "ತಲಿದೂ ಒಂದು ಫೋಟೋ ತಗೀರಿ," ಎಂದಳು.

ಎಡಗೈಗೆ ಪ್ಲಾಸ್ಟರು ಇದ್ದುದರಿಂದ ಬಲಗೈಯ ಫೋಟೋವನ್ನು ಅವಳಿಂದಲೇ ತೆಗೆಸಿ, ಅದನ್ನು ಬಂಗಾರದ ಕೈಯಾಗಿಸಿ, ನಡುವಿನ ಕಿಟಕಿಯಲ್ಲಿ ಎಕ್ಸ್‌ರೇಯಲ್ಲಿದ್ದ ನನ್ನ ಎಲುಬು ಕೂಡಿಸಿದೆ. ಹಿಂದಿನಿಂದ ಬೆಳಕು ಬಿಟ್ಟೆ. ನನಗೇ ಕೈ ಮುಗಿಯಬೇಕೆನಿಸಿತು.

ಗಂಗಾವತಿಯಲ್ಲಿ ಶಿಕ್ಷಕರ ಕಲಾ ಪ್ರದರ್ಶನವಿತ್ತು. ದೊಡ್ಡದಾಗಿ ಮುದ್ರಿಸಿ, ಗಾಜಿನ ಚೌಕಟ್ಟು ಹಾಕಿಸಿ ಒಯ್ದೆ. ನೋಡಿದವರಲ್ಲಿ ಹೆಚ್ಚಿನವರು ಎಲುಬಿನ ಆಸ್ಪತ್ರೆಯ ಜಾಹೀರಾತು ಎಂದುಕೊಂಡು ವಿಳಾಸ ಕೇಳಿದರು. ಕೊನೆಗೆ ಕಾನ್ವೆಂಟ್ ಶಾಲೆಯಲ್ಲಿ ಕಲಿಸುವ, ಕರಾವಳಿ ಕಡೆಯ ಸಿಸ್ಟರ್ ಒಬ್ಬರು ಬಂದು ಚಿತ್ರದ ಮುಂದೆ ನಿಂತರು. ಅವರ ಮನಸ್ಸಿಗೆ ನೋವಾದೀತೆಂದು ನನಗೆ ಹೆದರಿಕೆಯಾಯಿತು.

"ಇದು ಯಾವ ಸಂತರದ್ದು ಸರ್?"

"ನಂದೇ ರೀ, ಸಿಸ್ಟರ್."

ಅವರು ಚಿತ್ರವನ್ನು ನೋಡಿದರು, ನನ್ನ ಪ್ಲಾಸ್ಟರನ್ನು ನೋಡಿದರು. "ಸಂತರಾಗ್ಬೇಕಾದ್ರೆ ಮೊದಲು ಸಾಯಬೇಕಾಗ್ತದೆ ಸರ್. ಸತ್ತ ಮೇಲೂ ಬಹಳ ಕಾಲ ಕಾಯಬೇಕು," ಎಂದು ನಕ್ಕುಬಿಟ್ಟರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: "ಸಣ್ಣವಳಿದ್ದಾಗ ನನಗೆ ಜ್ವರ ಬಂದ್ರೆ ಅಮ್ಮ ಇಂಥ ಗಾಜಿಗೆ ನನ್ನ ಹಣೆ ತಾಗಿಸ್ತಿದ್ರು. ಯಾವ ಸಂತರು ಅಂತ ಮರೆತೇಹೋಗಿದೆ. ಗಾಜಿನ ತಂಪು ಮಾತ್ರ ನೆನಪಿದೆ."

ಭಕ್ತಿ, ಕಲೆ ಎಂದೆಲ್ಲ ಬರೆದು ತಂದಿದ್ದ ಭಾಷಣದ ಚೀಟಿಯನ್ನು ನಾನು ಜೇಬಿಗೆ ತುರುಕಿದೆ.

ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ಎಲುಬನ್ನು ಮನೆಯ ಗೋಡೆಗೆ ತೂಗುಹಾಕಲು ಹೆಂಡತಿ ಬಿಡಲಿಲ್ಲ. ಪ್ಲಾಸ್ಟರು ತೆಗೆದ ಮೇಲೂ ಕೈ ಬಿಗಿಯಾಗೇ ಇತ್ತು. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಲು ಇರಕಲ್ಲಗಡದ ಕಡೆ ಎಲುಬು ಕೂಡಿಸುವ ಅಜ್ಜನೊಬ್ಬನ ಹತ್ತಿರ ಹೊರಟಾಗ ಚಿತ್ರವನ್ನೂ ಒಯ್ದೆ. ಎಲುಬು ಬಲ್ಲವನಾದರೂ ಹೊಗಳಲಿ ಎಂಬ ಆಸೆ.

ಅಜ್ಜ ಕನ್ನಡಕ ಏರಿಸಿ ನೋಡಿದ. "ಮಾಸ್ತರ, ಮ್ಯಾಲಿಂದು ಬಲಗೈ, ಒಳಗಿಂದು ಎಡಗೈ ಎಲುಬು. ಹಿಂಗ ಕೂಡ್ಸಿದ್ರ ಮನಷ್ಯಾ ಊಟ ಹೆಂಗ ಮಾಡ್ಬೇಕು?"

ವಾರಗಟ್ಟಲೆ ತಿದ್ದಿದ ನನಗೆ ಅದು ಕಂಡಿರಲಿಲ್ಲ. ಗಂಗಾವತಿಯಲ್ಲೂ ಯಾರಿಗೂ ಕಂಡಿರಲಿಲ್ಲ.

"ಇರ್ಲಿ, ಬೆಳಕು ಛಲೋ ಬಿದ್ದೈತಿ. ನನಗ ಕೊಡ್ರಿ," ಎಂದು ಅಜ್ಜ ಅದನ್ನು ಕಟ್ಟೆಯ ಮೇಲಿನ ಗೋಡೆಗೆ ಹಾಕಿದ.

ಮುಂದಿನ ವಾರ ಹೋದಾಗ ಚೌಕಟ್ಟಿನ ಮೇಲೆ ವಿಭೂತಿ, ಕೆಳಗೆ ಊದಿನಕಡ್ಡಿ. ಮುಂಗೈ ಬಾತ ಮುದುಕಿಯೊಬ್ಬಳು ಗಾಜು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಯಿತು, ಸುಳ್ಳೇಕೆ, ಒಳಗೊಳಗೆ ಖುಷಿಯೂ ಆಯಿತು. ತಡೆಯಲಾರದೆ ಹೇಳಿದೆ: "ಯಮ್ಮಾ, ಅದು ನನ್ನ ಕೈ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಮ್ನ ಕುಂದ್ರು ತಮ್ಮಾ. ನಿನ್ನ ಕೈಯಾಗ ಇಷ್ಟು ಬೆಳಕು ಎಲ್ಲಿಂದ ಬರ್ಬೇಕು?"

ಅಷ್ಟರಲ್ಲಿ ಅಜ್ಜ ನನ್ನ ಮೊಣಕೈ ಹಿಡಿದು ಒಮ್ಮೆ ಮಡಚಿದ. ನಾನು ಕಿರುಚಿದ್ದು ಹೊಲದವರೆಗೂ ಕೇಳಿರಬೇಕು. ಮುದುಕಿಗೆ ಕರುಣೆ ಬಂದು, "ಅದಕ್ಕೊಂದು ಶರಣು ಮಾಡು. ನೋವು ಕಡಿಮಿ ಆಕ್ಕೈತಿ," ಎಂದು ಗೋಡೆಯ ಕಡೆ ತೋರಿಸಿದಳು.

ನೋವಿಗೆ ಮಾನವೆಲ್ಲಿಯದು? ಬಲಗೈಯನ್ನು ಹಣೆಗೆ ಹಚ್ಚಿ ಶರಣು ಮಾಡಿದೆ.