ಪ್ರತಿಭಾ ಅಕ್ಕ ಮತ್ತು ವಾಪಸ್ಸು ಬಂದ ಲಡ್ಡು

ಹೊರಮಾವಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ತಗಡು ಹೊದಿಸಿದ ಉದ್ದನೆಯ ಶೆಡ್ಡಿದೆ, ಜನ ಸಾಕಿ ಬಿಟ್ಟುಹೋದ ನಾಯಿಗಳಿಗೆ ಪ್ರತಿಭಾ ಅಕ್ಕ ಕಟ್ಟಿಸಿದ ಆಸರೆ. ಬೆಳಿಗ್ಗೆ ನಾಯಿಗಳು ಬೊಗಳಲು ಶುರುಮಾಡುವ ಮೊದಲೇ ಅಕ್ಕ ಫೋನಿನಲ್ಲಿ ಯಾರನ್ನೋ ಬೈಯುವುದು ನಮ್ಮ ಅಡುಗೆಮನೆಗೆ ಕೇಳುತ್ತದೆ.

"ಮರಿ ಇದ್ದಾಗ ಮುದ್ದಾಗಿತ್ತು, ಈಗ ದೊಡ್ಡದಾಗ್ಬಿಟ್ಟಿದೆ ಅಂತೀರಲ್ಲ ಸಾರ್, ನಿಮ್ಮ ಮಗನೂ ದೊಡ್ಡೋನಾಗ್ತಾನೆ. ಅವನನ್ನೂ ಇಲ್ಲಿಗೇ ಕಳಿಸ್ತೀರಾ?"

ಅಕ್ಕ ಹುಟ್ಟಿದ್ದು ಮರ್ಫಿ ಟೌನಿನಲ್ಲಿ, ಕಾರ್ಖಾನೆ ನೌಕರರ ಮಗಳಾಗಿ. ಬೀದಿ ನಲ್ಲಿಯ ಮುಂದೆ ಕನ್ನಡ, ತಮಿಳು, ದಖನಿ ಉರ್ದು ಮೂರರಲ್ಲೂ ಜಗಳವಾಡಿ ಬೆಳೆದವರು. ಮುಂದೆ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಒಂದು ದಿನ ಹಲಸೂರು ಕೆರೆಯ ಬೇಲಿಗೆ ಯಾರೋ ರಾಟ್‌ವೀಲರ್ ಜಾತಿಯ ನಾಯಿಯೊಂದನ್ನು ಕಟ್ಟಿಹೋಗಿದ್ದರಂತೆ. ಕತ್ತಿನಲ್ಲಿ ದುಬಾರಿ ಚರ್ಮದ ಪಟ್ಟಿ, ಕೆಳಗೆ ಒಂದೊಂದಾಗಿ ಎಣಿಸಬಹುದಾದ ಎಲುಬು. ಸುತ್ತ ನಿಂತವರು ದೂರದಿಂದ ಕಲ್ಲು ತೂರುತ್ತಿದ್ದರು. ಅಕ್ಕ ಅರ್ಧ ದಿನ ರಜೆ ಹಾಕಿ ಅದನ್ನು ಬಿಚ್ಚಿಕೊಂಡು ಬಂದರು. ಹಾಗೆ ಹಾಕಿದ ರಜೆಗಳು ಹೆಚ್ಚುತ್ತ ಹೆಚ್ಚುತ್ತ ಕೊನೆಗೆ ಕೆಲಸವನ್ನೇ ಬಿಟ್ಟರು.

ಬೀದಿನಾಯಿಗಳನ್ನು ಬಿಟ್ಟು ಇಂಥ ಜಾತಿನಾಯಿಗಳನ್ನೇ ಯಾಕೆ ಸಾಕುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಹಳೆಯ ಬೆಡ್‌ಶೀಟು ಕೊಡಲು ಹೋಗಿದ್ದೆ, ಕಂಕುಳಲ್ಲಿ ಮಗಳು ಶರ್ವಾಣಿ.

"ಬೀದಿನಾಯಿಗೆ ಬೀದಿಯಾದ್ರೂ ಇದೆ ವೇದಾ. ಇವಕ್ಕೇನಿದೆ? ಜಂಬಕ್ಕೆ ತರ್ತಾರೆ, ಬಾಲ್ಕನೀಲಿ ಕಟ್ತಾರೆ. ವಾಕಿಂಗ್ ಇಲ್ಲ, ಮಾತಿಲ್ಲ. ಅದು ಹುಚ್ಚು ಹಿಡಿದ ಹಾಗೆ ಬೊಗಳುತ್ತೆ. ಆಮೇಲೆ ಟೀವೀಲಿ ಏನೋ ನೋಡ್ತಾರೆ, ಅಯ್ಯೋ ಇದು ಆ ಜಾತೀದಲ್ವಾ ಅಂತ ನನಗೆ ಫೋನು. ನಾಯಿ ಏನು ಮಾಡ್ತು ಅಂತ ಯಾರೂ ಹೇಳಲ್ಲ, ಅದರ ಜಾತಿ ಹೇಳ್ತಾರೆ!"

ಕಳೆದ ಶನಿವಾರ ಅವರ ಸಿಟ್ಟು ನೆತ್ತಿಗೇರಿದ್ದು ಲಡ್ಡುವಿನಿಂದ. ಲಡ್ಡು ರಿಚರ್ಡ್ಸ್ ಟೌನಿನ ಹಳೇ ಬಂಗಲೆಯಲ್ಲಿ ಬೆಳೆದ ರಾಟ್‌ವೀಲರ್. ಬಂಗಲೆ ಮಾರಿದವರು ನಾಯಿಯನ್ನು ಹಿಂದೆಯೇ ಬಿಟ್ಟು ಹೋದಾಗ, ಅಲ್ಲಿ ಅಡುಗೆ ಮಾಡಿಕೊಂಡಿದ್ದ ಕಮರುನ್ನೀಸಾ ಎಂಬಾಕೆ ಆಟೋದವರ ಕೈಕಾಲು ಹಿಡಿದು ಅವನನ್ನು ಇಲ್ಲಿಗೆ ತಂದುಬಿಟ್ಟಿದ್ದರು. ಅಕ್ಕ ಎರಡು ಮನೆಗೆ ಕೊಟ್ಟರು, ಎರಡು ಮನೆಯವರೂ 'ಮೈಮೇಲೆ ಬೀಳುತ್ತೆ' ಎಂದು ವಾಪಸ್ಸು ತಂದರು. ಮೂರನೆಯದು ನಮ್ಮ ಅಪಾರ್ಟ್‌ಮೆಂಟಿನ ಚಂದ್ರಶೇಖರಯ್ಯನವರ ಮನೆ. ಗದಗ ಕಡೆಯವರು, ಒಳ್ಳೆಯ ಜನ. ಇಲ್ಲಿಂದಲೂ ಬಂದರೆ 'ಕಚ್ಚೋ ನಾಯಿ' ಎಂಬ ಹೆಸರು ಅಂಟಿಕೊಂಡು, ಮತ್ತೆ ಯಾರೂ ಮುಟ್ಟುವುದಿಲ್ಲ, ಜೀವಮಾನವೆಲ್ಲ ಬೋನೇ ಗತಿ ಎಂದು ಅಕ್ಕ ಹೆದರಿದ್ದರು.

ಬಂದೇಬಿಟ್ಟಿತು. ಚಂದ್ರಶೇಖರಯ್ಯನವರು ಹಗ್ಗವನ್ನು ಮಾರುದ್ದ ದೂರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಹಿಂದೆ ಹೆಂಡತಿ ಸಂಗಮ್ಮ. ನಾನು ಶರ್ವಾಣಿಯನ್ನು ಎತ್ತಿಕೊಂಡು ಗೇಟಿನ ಹೊರಗೇ ಉಳಿದೆ. ಪ್ರೀತಿ ಬೇರೆ, ಎಚ್ಚರ ಬೇರೆ.

"ಸಾಕ್ರಿ ಮೇಡಂ. ಇದು ಮೈಮ್ಯಾಲೆ ಏರತೈತಿ. ಬೈದ್ರ ಇನ್ನೂ ಜೋರ್ ಬರತೈತಿ."

"ಕಚ್ತಾ?"

"ಕಚ್ಚಿಲ್ರಿ. ಕಚ್ಚೂತನಕ ಕಾಯೂಣೇನು?"

"ಹೇಗೆ ಏರುತ್ತೆ, ತೋರ್ಸಿ. ನನ್ನೆದುರಿಗೇ ಬೈಯಿರಿ."

ಚಂದ್ರಶೇಖರಯ್ಯ ಅಳುಕುತ್ತಲೇ ಕೈ ಬೀಸಿ, "ಹಚ್ಚಾ! ಹಚ್ಚಾ!" ಎಂದರು.

ಲಡ್ಡುವಿನ ಮುಖ ಅರಳಿತು. ಒಂದೇ ನೆಗೆತಕ್ಕೆ ಎರಡೂ ಮುಂಗಾಲು ಅವರ ಎದೆಯ ಮೇಲಿಟ್ಟು ಗಲ್ಲ ನೆಕ್ಕತೊಡಗಿದ.

"ನೋಡ್ರಿ, ನೋಡ್ರಿ! ಹಚ್ಚಾ! ಏ ಹಚ್ಚಾ!"

ಅಂದಷ್ಟೂ ಅವನು ಇನ್ನಷ್ಟು ನೆಕ್ಕಿದ. ಅಕ್ಕ ಹಣೆ ಚಚ್ಚಿಕೊಂಡರು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಇವನನ್ನ ತಂದುಬಿಟ್ಟ ಅಡುಗೆಯ ಕಮರುನ್ನೀಸಾ ಅವತ್ತು ಇವನ ತಲೆ ಸವರಿ ಸವರಿ 'ಅಚ್ಛಾ ಬೇಟಾ, ಅಚ್ಛಾ' ಅಂತಿದ್ರು. ಮರಿ ಇದ್ದಾಗಿಂದ ಅದೇ ಕೇಳಿದಾನೆ. ನೀವು ಹಚ್ಚಾ ಅಂತ ಓಡಿಸ್ತಿದೀರಾ, ಅವನು ಜಾಣ ಅಂತಿದಾರೆ ಅಂದ್ಕೊಂಡು ಮುದ್ದು ಮಾಡೋಕೆ ಬರ್ತಿದಾನೆ!"

ಇಷ್ಟು ದಿನ ಇದು ಅಕ್ಕನಿಗೂ ಗೊತ್ತಾಗದ್ದಕ್ಕೆ ಕಾರಣವಿತ್ತು. ಆ ಶೆಡ್ಡಿನಲ್ಲಿ ನಾಯಿಗೆ ಯಾರೂ ಹಚ್ಚಾ ಅನ್ನುವ ಹಾಗಿಲ್ಲ. ನಾನೊಮ್ಮೆ ಬಾಯಿತಪ್ಪಿ ಅಂದು, "ನಿಮ್ಮತ್ತೆ ನಿನಗೆ ಹಾಗಂದ್ರೆ ಹೇಗಿರತ್ತೆ?" ಎಂದು ಬೈಸಿಕೊಂಡಿದ್ದೇನೆ.

ಸಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಯ್ಯ ಶಿವನೆ, ನಾವು ಬೈದಿದ್ದೆಲ್ಲಾ ಇದಕ್ಕ ಹೊಗಳಿಕಿ ಆಗೈತಿ!"

ಚಂದ್ರಶೇಖರಯ್ಯನವರಿಗೆ ನಗು ಬರಲಿಲ್ಲ. "ಅದೆಲ್ಲಾ ಖರೆ ಇರಬಹುದ್ರಿ. ಆದ್ರ ರಾಟ್‌ವೀಲರ್ ಅಂದಕೂಡ್ಲೇ ಅಸೋಸಿಯೇಶನ್‌ನವ್ರು ಕಣ್ ಬಿಡ್ತಾರ. ಲ್ಯಾಬ್ರಡಾರ್ ಕ್ರಾಸ್ ಅಂತ ನೀವ್ ಒಂದ್ ಮಾತ್ ಹೇಳಿದ್ರ..."

"ಯಾಕೆ ಸಾರ್? ಹೆಸರು ಬದಲಾದ್ರೆ ಅವನ ಹಲ್ಲು ಕಮ್ಮಿಯಾಗುತ್ತಾ? ಅಸೋಸಿಯೇಶನ್‌ಗೆ ನಾನೇ ಬರ್ತೀನಿ. ಹೆದರ್ಕೊಳ್ಳೋರು ಅವನ ಮುಂದೆ ಬಂದು ಹೆದರ್ಕೊಳ್ಳಲಿ."

ಅವರು ಹಗ್ಗವನ್ನು ಅಕ್ಕನ ಕೈಗೆ ಕೊಡಲು ಮುಂದೆ ಚಾಚಿದರು. ಅಕ್ಕ ಕೈ ಕಟ್ಟಿಕೊಂಡು ನಿಂತರು. ನಡುವೆ ಬಂದು ಹಗ್ಗ ಕಸಿದುಕೊಂಡವರು ಸಂಗಮ್ಮ.

"ಇದರ ತಪ್ಪರ ಏನೈತಿ? ನಾವ್ ಕರದ್ವಿ, ಅದು ಬಂತು. ನಡೀರಿ ಮನೀಗೆ."

"ಏ ಇವಳ, ನಾ ಏನ್ ಹೇಳಾಕತ್ತೇನಿ—"

"ದಾರ್ಯಾಗ ಹೇಳ್ರಿ."

ಅಕ್ಕ ಹಿಂದಿನಿಂದ ಕೂಗಿದರು: "ಸಂಗಮ್ಮಾ, ದೂರ ಹೋಗೋಕೆ ಬೇರೆ ಪದ ಕಲಿಸ್ರಿ. ಒಂದು ವಾರದಲ್ಲಿ ಕಲೀತಾನೆ."

"ಕಲಿಸ್ತೇನ್ರಿ. ಮೊದ್ಲ ಇವರಿಗೆ ಕಲಿಸ್ಬೇಕು."

ಲಡ್ಡುವಿನ ಜೊತೆ ಇಬ್ಬರೂ ತಿರುವಿನಲ್ಲಿ ಮರೆಯಾದರು. ಶರ್ವಾಣಿ ಕೈ ಬೀಸಿದಳು. ಅಕ್ಕ ನಗುತ್ತಾರೆಂದುಕೊಂಡಿದ್ದೆ. ಅವರು ಬಕೆಟ್ಟನ್ನು ಕಾಲಿನಿಂದ ಅತ್ತ ತಳ್ಳಿದರು.

"ಒಂದು ಪದಕ್ಕೆ ಮೂರು ಮನೆ ಅಲೆದ್ನಲ್ಲೇ ಪಾಪ! ಎರಡು ಮನೆಯವರಿಗೆ ಕಂಪ್ಲೇಂಟು ಹೇಳೋಕೆ ಬಾಯಿತ್ತು, ನನಗೆ ಸರಿಯಾಗಿ ಕೇಳೋಕೆ ಬುದ್ಧಿ ಇರಲಿಲ್ಲ."

ಆಮೇಲೆ ಕೊನೆಯ ಬೋನಿನ ಮುಂದೆ ಹೋಗಿ ನಿಂತರು. ಅದರೊಳಗೆ ಇಂದಿರಾನಗರದಿಂದ ಬಂದ ಡಾಬರ್‌ಮನ್, ಬಂದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿತ್ತು. ಅಕ್ಕ ಕನ್ನಡದಲ್ಲಿ ಕರೆದರು, ತಮಿಳಿನಲ್ಲಿ ಕರೆದರು, ದಖನಿಯಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ. ಅದು ಕಿವಿಯನ್ನೂ ಆಡಿಸಲಿಲ್ಲ. ಅಕ್ಕ ಫೋನ್ ತೆಗೆದು ಅದನ್ನು ಬಿಟ್ಟುಹೋದವರ ನಂಬರ್ ಒತ್ತಿದರು.

"ಹಲೋ, ಫೋನ್ ಇಡ್ಬೇಡಿ. ವಾಪಸ್ ತಗೊಳ್ಳಿ ಅನ್ನಲ್ಲ. ನೀವು ಅದನ್ನ ಏನಂತ ಕರೀತಿದ್ರಿ, ಅಷ್ಟು ಹೇಳ್ರೀ."